ಕಂಟ್ರಿ ಕ್ಲಬ್ಬಿಗೆ ಗಾಲ್ಫ್ ಆಡಲು ಹೊರಟಿದ್ದೀರಾ? ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಆಫೀಸಿನ ಚಾ ಹೊತ್ತಿನಲ್ಲಿ, ವಾಟ್ಸಾಪಿನಲ್ಲಿ ನನಗೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೇಲಿವೆ, ಸ್ವಲ್ಪ ಆಡಿ ಗೊತ್ತಿದ್ದವರದ್ದು ಕೆಳಗಿವೆ. ಕ್ಲಬ್ಬುಗಳು ದರವನ್ನು ಆಗಾಗ ಬದಲಾಯಿಸುವುದರಿಂದ ರೂಪಾಯಿ ಲೆಕ್ಕ ಕೊಟ್ಟಿಲ್ಲ. ಯಾವುದಕ್ಕೆಲ್ಲ ದುಡ್ಡು ಕೊಡಬೇಕಾಗುತ್ತದೆ ಎಂಬುದನ್ನು ಮಾತ್ರ ಬಿಡಿಸಿ ಬರೆದಿದ್ದೇನೆ.

## ಮೊದಲ ಸಲ ಹೋಗುವವರಿಗೆ

ನಮ್ಮಂಥವರನ್ನೆಲ್ಲ ಒಳಗೆ ಬಿಡ್ತಾರಾ? ಅದು ದೊಡ್ಡವರ ಜಾಗ ಅಲ್ವಾ?

ಬಿಡುತ್ತಾರೆ. ಆದರೆ ಎಲ್ಲ ಕಡೆ ಒಂದೇ ಕ್ರಮ ಇಲ್ಲ. ಕೆಲವು ಕೋರ್ಸುಗಳು ದುಡ್ಡು ಕಟ್ಟಿದ ಯಾರಿಗಾದರೂ ತೆರೆದಿರುತ್ತವೆ. ಕೆಲವು ಕಡೆ ಮೆಂಬರ್ ಜೊತೆಯಲ್ಲಿದ್ದರೆ ಮಾತ್ರ ಪ್ರವೇಶ. ಇನ್ನು ಕೆಲವು ಕಡೆ ವಾರದ ದಿನಗಳಲ್ಲಿ ಹೊರಗಿನವರಿಗೆ ಅವಕಾಶ ಉಂಟು, ಶನಿವಾರ ಭಾನುವಾರ ಬೆಳಿಗ್ಗೆ ಇಲ್ಲ. ರೆಸಾರ್ಟಿಗೆ ಸೇರಿದ ಕೋರ್ಸಾದರೆ ಅಲ್ಲಿ ರೂಮ್ ಮಾಡಿದವರಿಗೆ ಆಡಲು ಸಿಗುವುದುಂಟು. ನೀವು ಈಗಾಗಲೇ ಊರಿನ ಯಾವುದಾದರೂ ಕ್ಲಬ್ಬಿನ ಮೆಂಬರ್ ಆಗಿದ್ದರೆ ಮೊದಲು ಅದರ ಆಫೀಸಿನಲ್ಲಿ ವಿಚಾರಿಸಿ. ಬೇರೆ ಊರಿನ ಕ್ಲಬ್ಬುಗಳ ಜೊತೆ ಅವರಿಗೆ ಪರಸ್ಪರ ಒಪ್ಪಂದ ಇದ್ದರೆ ಒಂದು ಪತ್ರದಲ್ಲಿ ಕೆಲಸ ಆಗುತ್ತದೆ. ಅನೇಕರು ವರ್ಷಗಟ್ಟಲೆ ಮೆಂಬರ್ ಆಗಿದ್ದೂ ಇದನ್ನು ಕೇಳಿಯೇ ಇರುವುದಿಲ್ಲ.

ದೊಡ್ಡವರ ಜಾಗ ಎಂಬ ಅಳುಕು ಸಹಜ. ನಾನು ಕಂಡಂತೆ ಗಾಲ್ಫ್ ಕೋರ್ಸಿನಲ್ಲಿ ಮರ್ಯಾದೆ ಸಿಗುವುದು ಕಾರು ನೋಡಿ ಅಲ್ಲ, ಆಟ ನೋಡಿಯೂ ಅಲ್ಲ. ಹೇಳಿದ ಸಮಯಕ್ಕೆ ಬಂದು, ಬೇರೆಯವರ ಹೊತ್ತು ಹಾಳು ಮಾಡದೆ, ನೆಲವನ್ನು ಜೋಪಾನ ಮಾಡಿ ಆಡುವವರನ್ನು ಎರಡನೇ ಸಲ ಅವರೇ ಕರೆಯುತ್ತಾರೆ.

ಹತ್ತಿರದಲ್ಲಿ ಎಲ್ಲುಂಟು? ಬೆಂಗಳೂರಿಗೇ ಹೋಗ್ಬೇಕಾ?

ಮಂಗಳೂರಿನವರಿಗೆ ತೀರಾ ಹತ್ತಿರದ್ದು ಪಿಲಿಕುಳ. ವಾಮಂಜೂರಿನಿಂದ ಮೂಡುಶೆಡ್ಡೆ ಕಡೆ ಹೋದರೆ ನಿಸರ್ಗಧಾಮದ ಪರಿಸರದಲ್ಲೇ ಗಾಲ್ಫ್ ಕೋರ್ಸ್ ಉಂಟು. ಮನೆಯವರು ಮೃಗಾಲಯವನ್ನೋ ತಾರಾಲಯವನ್ನೋ ನೋಡಿ ಬರುವಷ್ಟರಲ್ಲಿ ನಿಮ್ಮ ಆಟ ಮುಗಿಸಬಹುದು. ಮೃಗಾಲಯಕ್ಕೆ ಸೋಮವಾರ ರಜೆ, ಆ ದಿನ ಬಿಟ್ಟು ಇಟ್ಟುಕೊಳ್ಳಿ.

ಘಟ್ಟ ಹತ್ತಿದರೆ ಚಿಕ್ಕಮಗಳೂರಿನಲ್ಲಿ, ಮಡಿಕೇರಿಯಲ್ಲಿ, ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದಲ್ಲಿ ಕೋರ್ಸುಗಳಿವೆ. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಬೆಂಗಳೂರಿನಲ್ಲಿ ಆಯ್ಕೆ ಜಾಸ್ತಿ: 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್, ದೊಮ್ಮಲೂರು ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ಬಿಡದಿ ದಾರಿಯ ಈಗಲ್‌ಟನ್, ನಂದಿ ಬೆಟ್ಟದ ಕಡೆ ಪ್ರೆಸ್ಟೀಜ್ ಗಾಲ್ಫ್‌ಶೈರ್. ಮೊದಲ ಸಲಕ್ಕೆ ನನ್ನ ಸಲಹೆ ಪಿಲಿಕುಳವೇ. ದಾರಿ ಖರ್ಚಿಲ್ಲ, ಮಧ್ಯದಲ್ಲಿ ಸಾಕೆನಿಸಿದರೆ ಅರ್ಧ ಗಂಟೆಯಲ್ಲಿ ಮನೆ ಸೇರಬಹುದು.

ನಾನು ಒಂದು ಸಲವೂ ಸ್ಟಿಕ್ ಮುಟ್ಟಿಲ್ಲ. ನೇರ ಕೋರ್ಸಿಗೆ ಹೋಗ್ಬಹುದಾ?

ಬೇಡ. ಮೊದಲು ಡ್ರೈವಿಂಗ್ ರೇಂಜಿಗೆ ಹೋಗಿ. ಅಲ್ಲಿ ಒಂದು ಬಕೆಟ್ ಬಾಲ್ ತೆಗೆದುಕೊಂಡು ನಿಂತಲ್ಲೇ ಹೊಡೆದು ಅಭ್ಯಾಸ ಮಾಡುವುದು. ಯಾರ ಆಟಕ್ಕೂ ತೊಂದರೆ ಇಲ್ಲ, ಯಾರೂ ನಿಮ್ಮ ಹಿಂದೆ ಕಾಯುವುದಿಲ್ಲ. ಒಬ್ಬ ಕೋಚ್ ಹತ್ತಿರ ಹಿಡಿತ, ನಿಲ್ಲುವ ಕ್ರಮ, ಅರ್ಧ ಸ್ವಿಂಗ್ ಇಷ್ಟನ್ನು ಕಲಿತುಕೊಳ್ಳಿ. 7 ನಂಬರಿನ ಐರನ್ನಿನಲ್ಲಿ (ಲೋಹದ ಚಪ್ಪಟೆ ತಲೆಯ ಸ್ಟಿಕ್) ಹತ್ತರಲ್ಲಿ ಆರೇಳು ಬಾಲ್ ಗಾಳಿಗೆ ಎದ್ದು ಮುಂದೆ ಹೋಗುವಂತಾದರೆ ಕೋರ್ಸಿಗೆ ಕಾಲಿಡಲು ಅಡ್ಡಿಯಿಲ್ಲ. ಅದಕ್ಕೆ ಮೊದಲೇ ಹೋದರೆ ನಿಮಗೂ ಬೇಸರ, ಹಿಂದೆ ಬರುವವರಿಗೂ ಬೇಸರ.

ಪಾರ್, ಬರ್ಡಿ, ಬೋಗಿ ಅಂತೆಲ್ಲ ಹೇಳ್ತಾರಲ್ಲ, ಅದೆಂತ?

ಮೊದಲ ಹೊಡೆತ ಹೊಡೆಯುವ ಜಾಗದಿಂದ (ಅದಕ್ಕೆ ಟೀ ಎನ್ನುತ್ತಾರೆ) ಬಾಲನ್ನು ತೂತಿಗೆ ಹಾಕುವವರೆಗಿನ ಒಂದು ಭಾಗ ಹೋಲ್, ಆ ತೂತಿಗೂ ಅದೇ ಹೆಸರು. ಒಂದು ಹೋಲನ್ನು ಒಳ್ಳೆಯ ಆಟಗಾರ ಎಷ್ಟು ಹೊಡೆತದಲ್ಲಿ ಮುಗಿಸಬೇಕೋ ಅದು ಪಾರ್. ಸಾಮಾನ್ಯವಾಗಿ 3, 4 ಅಥವಾ 5. ಒಂದು ಕಡಿಮೆಯಾದರೆ ಬರ್ಡಿ, ಒಂದು ಜಾಸ್ತಿಯಾದರೆ ಬೋಗಿ, ಎರಡು ಜಾಸ್ತಿಯಾದರೆ ಡಬಲ್ ಬೋಗಿ. 18 ಹೋಲಿನ ಪೂರ್ಣ ಕೋರ್ಸಿನ ಪಾರ್ ಹೆಚ್ಚಾಗಿ 72 ಅಥವಾ ಅದರ ಆಸುಪಾಸು. 9 ಹೋಲಿನ ಕೋರ್ಸಾದರೆ ಅದನ್ನೇ ಎರಡು ಸುತ್ತು ಆಡುತ್ತಾರೆ. ಹೊಸಬರು ಪ್ರತಿ ಹೋಲಿಗೆ ಪಾರಿಗಿಂತ ಮೂರು ಹೆಚ್ಚು ತೆಗೆದುಕೊಂಡರೂ ತಪ್ಪೇನಿಲ್ಲ.

ಜೀನ್ಸ್, ರೌಂಡ್ ನೆಕ್ ಟೀಶರ್ಟ್ ಹಾಕಿದ್ರೆ ವಾಪಸ್ ಕಳಿಸ್ತಾರಂತೆ, ಹೌದಾ?

ಹೌದು, ಕಳಿಸುತ್ತಾರೆ. ಕಾಲರ್ ಇರುವ ಟೀಶರ್ಟ್, ಒಳಗೆ ಸಿಕ್ಕಿಸಿಕೊಂಡದ್ದು. ಕಾಟನ್ ಪ್ಯಾಂಟ್ ಅಥವಾ ಮೊಣಕಾಲ ವರೆಗಿನ ಅಂದದ ಶಾರ್ಟ್ಸ್. ಜೀನ್ಸ್ ಬೇಡ, ಬದಿಯಲ್ಲಿ ದೊಡ್ಡ ಜೇಬಿನ ಕಾರ್ಗೋ ಬೇಡ. ಹೆಂಗಸರಿಗೂ ಬಹುತೇಕ ಇದೇ ಕ್ರಮ. ಕಾಲರ್ ಇದ್ದರೆ ತೋಳಿಲ್ಲದ ಟೀಶರ್ಟ್ ನಡೆಯುತ್ತದೆ. ಶೂ ವಿಚಾರದಲ್ಲಿ ಲೋಹದ ಮೊಳೆಯದ್ದು ಈಗ ಹೆಚ್ಚಿನ ಕಡೆ ನಿಷಿದ್ಧ, ಮೆತ್ತನೆಯ ಸ್ಪೈಕಿನ ಗಾಲ್ಫ್ ಶೂ ಆಗಬಹುದು. ಮೊದಲ ಸಲಕ್ಕೆ ಹೊಸ ಶೂ ಖರೀದಿಸುವ ಅಗತ್ಯ ಇಲ್ಲ, ಚಪ್ಪಟೆ ಅಡಿಯ ಸ್ಪೋರ್ಟ್ಸ್ ಶೂ ಸಾಕಾಗುವ ಕೋರ್ಸುಗಳೇ ಹೆಚ್ಚು.

ಕ್ಲಬ್‌ಹೌಸಿನ ಒಳಗೆ ಊಟದ ಹಾಲಿಗೆ ಬೇರೆ ನಿಯಮ ಇರಬಹುದು. ಬೆವರಿದ ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ಹೋಗಿ ಕುಳಿತುಕೊಳ್ಳುವುದನ್ನು ಹಲವು ಕಡೆ ಒಪ್ಪುವುದಿಲ್ಲ. ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಶೂ ಕಾರಿನಲ್ಲಿ ಇಟ್ಟುಕೊಳ್ಳಿ. ಕರಾವಳಿಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ, ನಾಲ್ಕನೇ ಹೋಲಿಗೇ ಅಂಗಿ ಒದ್ದೆ.

ನನ್ನ ಹತ್ರ ಸೆಟ್ಟೇ ಇಲ್ಲ. ಅಲ್ಲಿ ಬಾಡಿಗೆಗೆ ಸಿಗ್ತದಾ?

ದೊಡ್ಡ ಕೋರ್ಸುಗಳಲ್ಲಿ ಸಿಗುತ್ತದೆ, ಚಿಕ್ಕ ಕಡೆ ಒಂದೆರಡು ಸೆಟ್ ಇದ್ದರೆ ಪುಣ್ಯ. ಬುಕ್ ಮಾಡುವಾಗಲೇ ತೆಗೆದಿಡಲು ಹೇಳಿ. ನೀವು ಎಡಗೈಯವರಾದರೆ ಅದನ್ನು ಎರಡೆರಡು ಸಲ ಹೇಳಿ, ಎಡಗೈ ಸೆಟ್ ಅಪರೂಪ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಸ್ಟಿಕ್‌ಗಿಂತ ಹೆಚ್ಚು ಇರುವಂತಿಲ್ಲ. ಹೊಸಬರಿಗೆ ಅಷ್ಟು ಬೇಕಾಗಿಯೇ ಇಲ್ಲ: ದೂರ ಹೊಡೆಯಲು ಒಂದು ವುಡ್ ಅಥವಾ ಹೈಬ್ರಿಡ್, 7 ಮತ್ತು 9 ನಂಬರಿನ ಐರನ್, ಹತ್ತಿರದಿಂದ ಎತ್ತಿ ಹೊಡೆಯಲು ಒಂದು ವೆಜ್, ಹೋಲಿನ ಸುತ್ತಲಿನ ನುಣುಪು ಹುಲ್ಲಿನ ಮೇಲೆ (ಅದೇ ಗ್ರೀನ್) ಬಾಲ್ ಉರುಳಿಸಲು ಒಂದು ಪಟರ್. ಬಾಲ್ ಮಾತ್ರ ಧಾರಾಳ ಇರಲಿ, ಹತ್ತು ಹನ್ನೆರಡು. ಯಾರೋ ಹೆಕ್ಕಿ ತೊಳೆದು ಮಾರುವ ಹಳೆಯ ಬಾಲುಗಳೇ ಸಾಕು.

ಮಕ್ಕಳನ್ನು ಕರ್ಕೊಂಡು ಹೋಗ್ಬಹುದಾ? ಮಗಳಿಗೆ ಈಗ ಆರು ವರ್ಷ.

ರೇಂಜಿಗೂ ಪಟಿಂಗ್ ಗ್ರೀನಿಗೂ ಖಂಡಿತ ಕರೆದುಕೊಂಡು ಹೋಗಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ಗಾಲ್ಫ್ ಹತ್ತಿಕೊಂಡದ್ದು ಐದನೇ ವಯಸ್ಸಿನಲ್ಲಿ, ಅಪ್ಪ ಅಮ್ಮನ ಜೊತೆ ಹೋಟೆಲಿನಲ್ಲಿ ತಿಂಡಿಗೆ ಕುಳಿತಿದ್ದಾಗ ಪಕ್ಕದ ಡ್ರೈವಿಂಗ್ ರೇಂಜ್ ಕಣ್ಣಿಗೆ ಬಿದ್ದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೇ ಸ್ಥಾನ ಪಡೆದರು. ಕೋರ್ಸಿನ ಒಳಗೆ ಮಕ್ಕಳನ್ನು ಬಿಡುವ ವಿಚಾರ ಮಾತ್ರ ಕ್ಲಬ್ಬಿಗೆ ಬಿಟ್ಟದ್ದು. ಬಿಟ್ಟರೂ ಸ್ವಿಂಗ್ ಮಾಡುವವರ ಹಿಂದೆ, ಬದಿಯಲ್ಲಿ ನಿಲ್ಲದಂತೆ ಕೈ ಹಿಡಿದುಕೊಂಡೇ ಇರಬೇಕು. 46 ಗ್ರಾಮಿನ ಗಟ್ಟಿ ಬಾಲ್ ತಲೆಗೆ ಬಿದ್ದರೆ ಆಗುವ ಅನಾಹುತ ಸಣ್ಣದಲ್ಲ.

## ಬುಕಿಂಗ್, ಖರ್ಚು, ಕ್ಯಾಡಿ

ಮೊದಲು ಫೋನ್ ಮಾಡ್ಬೇಕಲ್ಲ, ಎಂತ ಕೇಳುದು?

ಇಡೀ ಪ್ರಯಾಣ ಈ ಒಂದು ಫೋನಿನ ಮೇಲೆ ನಿಂತಿದೆ ಎಂದರೆ ತಪ್ಪಲ್ಲ. ವೆಬ್‌ಸೈಟಿನಲ್ಲಿ ಇರುವುದು ಹಳೆಯದಾಗಿರಬಹುದು. ಕ್ಲಬ್ಬಿನ ರಿಸೆಪ್ಷನ್ನಿಗಿಂತ ಗಾಲ್ಫ್ ಆಫೀಸಿಗೆ ಅಥವಾ ಸ್ಟಾರ್ಟರ್ ಹತ್ತಿರ ಲೈನ್ ಕೊಡಲು ಹೇಳಿ. ಸ್ಟಾರ್ಟರ್ ಎಂದರೆ ಮೊದಲ ಟೀಯ ಹತ್ತಿರ ಪುಸ್ತಕ ಇಟ್ಟುಕೊಂಡು ಯಾರು ಯಾವಾಗ ಹೊರಡಬೇಕು ಎಂದು ಬಿಡುವವರು. ಅವರಿಗೆ ಆ ದಿನದ ನಿಜ ಸ್ಥಿತಿ ಗೊತ್ತಿರುತ್ತದೆ.

ಮೊದಲ ಪ್ರಶ್ನೆ, ಆ ದಿನ ಕೋರ್ಸ್ ಪೂರ್ತಿ ತೆರೆದಿದೆಯಾ. ಟೂರ್ನಮೆಂಟ್, ಕಂಪನಿಗಳ ಪಂದ್ಯ, ಗ್ರೀನಿಗೆ ಮರಳು ಹಾಕುವ ಕೆಲಸ, ವಾರದ ನಿರ್ವಹಣೆಯ ರಜೆ, ಇವುಗಳಲ್ಲಿ ಯಾವುದಿದ್ದರೂ ಗೇಟಿನಿಂದ ವಾಪಸ್ ಬರಬೇಕಾಗುತ್ತದೆ. ಸೋಮವಾರವನ್ನು ನಿರ್ವಹಣೆಗೆ ಇಟ್ಟುಕೊಂಡ ಕೋರ್ಸುಗಳು ಸುಮಾರಿವೆ. ಎರಡನೆಯದು, ಹೊರಗಿನವರಿಗೆ ಯಾವ ಹೊತ್ತು ಸಿಗುತ್ತದೆ, ಮೆಂಬರ್ ಜೊತೆಗಿರಬೇಕಾ. ಮೂರನೆಯದು, ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ (ನಿಮ್ಮ ಆಟದ ಮಟ್ಟವನ್ನು ಅಂಕಿಯಲ್ಲಿ ತೋರಿಸುವ ಪತ್ರ) ಕೇಳುತ್ತಾರಾ. ಆಮೇಲೆ ಒಬ್ಬರೇ ಬಂದರೆ ಬೇರೆ ಗುಂಪಿಗೆ ಸೇರಿಸುತ್ತಾರಾ, ಬಾಡಿಗೆ ಸೆಟ್ ಮತ್ತು ಕಾರ್ಟ್ (ಕೋರ್ಸಿನೊಳಗೆ ಓಡಿಸುವ ಸಣ್ಣ ಗಾಡಿ) ಇದೆಯಾ, ನಗದು ತೆಗೆದುಕೊಳ್ಳುತ್ತಾರಾ, ರದ್ದು ಮಾಡಿದರೆ ಎಷ್ಟು ಕಡಿಯುತ್ತಾರೆ. ಮಾತಾಡಿದವರ ಹೆಸರನ್ನೂ ಹೇಳಿದ ಸಮಯವನ್ನೂ ಬರೆದಿಟ್ಟುಕೊಂಡು, ಅದನ್ನೇ ಒಂದು ಮೆಸೇಜ್ ಮಾಡಿ ಕಳಿಸಿಬಿಡಿ. ಹೊರಡುವ ಹಿಂದಿನ ದಿನ ಸಂಜೆ ಮತ್ತೊಮ್ಮೆ ಫೋನ್ ಮಾಡಿ, ಮಳೆಗಾಲದಲ್ಲಂತೂ ಮರೆಯಲೇಬೇಡಿ.

ಒಟ್ಟು ಎಷ್ಟು ಬೀಳ್ತದೆ ಮಾರಾಯ್ರೆ?

ಗ್ರೀನ್ ಫೀ (ಕೋರ್ಸಿನಲ್ಲಿ ಆಡಲು ಕೊಡುವ ಶುಲ್ಕ) ಒಂದನ್ನೇ ಕೇಳಿ ಹೊರಟರೆ ಲೆಕ್ಕ ತಪ್ಪುತ್ತದೆ. ಅದರ ಮೇಲೆ ತೆರಿಗೆ, ಬ್ಯಾಗ್ ಹೊತ್ತು ಜೊತೆಗೆ ನಡೆಯುವ ಕ್ಯಾಡಿಯ ದುಡ್ಡು, ಕಾರ್ಟ್ ಬೇಕಾದರೆ ಅದರ ಬಾಡಿಗೆ, ಸೆಟ್ ಬಾಡಿಗೆ, ರೇಂಜ್ ಬಾಲ್, ನಡುವೆ ಕುಡಿಯುವುದು ತಿನ್ನುವುದು ಎಲ್ಲ ಬೇರೆ ಬೇರೆ. ಕೆಲವು ಕಡೆ ಕಾರ್ಟ್ ಕಡ್ಡಾಯ. ಹಾಗಾಗಿ "ತೆರಿಗೆ, ಕ್ಯಾಡಿ ಎಲ್ಲ ಸೇರಿ ಒಬ್ಬರಿಗೆ ಕೈಯಿಂದ ಎಷ್ಟು ಹೋಗುತ್ತದೆ?" ಎಂದೇ ಕೇಳಿ. ಮಂಗಳವಾರದಿಂದ ಶುಕ್ರವಾರದವರೆಗಿನ ದರ ವಾರಾಂತ್ಯಕ್ಕಿಂತ ಕಡಿಮೆ ಇರುತ್ತದೆ. 9 ಹೋಲಿಗೆ ಪ್ರತ್ಯೇಕ ದರ ಇದ್ದರೆ ಹೊಸಬರು ಅದನ್ನೇ ಆರಿಸಿಕೊಳ್ಳುವುದು ಜಾಣತನ. 18 ಹೋಲಿನ ಕೊನೆಯ ಆರು ಹೋಲುಗಳಲ್ಲಿ ಹೊಸಬರ ಕೈಕಾಲು ಹೇಗೂ ಸೋತಿರುತ್ತದೆ.

ಬೆಂಗಳೂರಿನ ಭಾವ ಮೆಂಬರ್, ಕರ್ಕೊಂಡು ಹೋಗ್ತೇನೆ ಅಂದಿದ್ದಾರೆ. ದುಡ್ಡು ಯಾರು ಕೊಡುದು?

ಹೆಚ್ಚಿನ ಕ್ಲಬ್ಬುಗಳಲ್ಲಿ ಅತಿಥಿಯಿಂದ ನಗದು ತೆಗೆದುಕೊಳ್ಳುವುದಿಲ್ಲ, ಎಲ್ಲ ಮೆಂಬರ್ ಕಾರ್ಡಿಗೆ ಬೀಳುತ್ತದೆ. ಅಲ್ಲೇ ಕೌಂಟರಿನಲ್ಲಿ "ನಾನು ಕೊಡ್ತೇನೆ, ನೀವು ಸುಮ್ಮನಿರಿ" ಎಂದು ಎಳೆದಾಡಿದರೆ ಭಾವನಿಗೇ ಮುಜುಗರ. ಹೋಗುವ ಮೊದಲೇ ಮಾತಾಡಿಕೊಳ್ಳಿ. ಗ್ರೀನ್ ಫೀ ಅವರು ಹಾಕಿದರೆ ಕ್ಯಾಡಿ ದುಡ್ಡು, ತಿಂಡಿ ನಿಮ್ಮದಿರಲಿ. ಇನ್ನೊಂದು ವಿಷಯ ನೆನಪಿಡಿ: ಅತಿಥಿ ಏನು ಮಾಡಿದರೂ ಕ್ಲಬ್ ಕೇಳುವುದು ಮೆಂಬರನ್ನು. ನೀವು ತಡವಾಗಿ ಹೋದರೆ, ಫೋನಿನಲ್ಲಿ ಜೋರು ಮಾತಾಡಿದರೆ, ಅವರ ಹೆಸರಿಗೆ ಪತ್ರ ಬರುತ್ತದೆ.

ಕ್ಯಾಡಿ ಬೇಕೇ ಬೇಕಾ? ಬ್ಯಾಗ್ ನಾನೇ ಹೊತ್ಕೊಳ್ತೇನೆ.

ಅನೇಕ ಕಡೆ ಕಡ್ಡಾಯ. ಕಡ್ಡಾಯ ಅಲ್ಲದ ಕಡೆಯೂ ಹೊಸ ಕೋರ್ಸಿಗೆ ಹೋದಾಗ ಕ್ಯಾಡಿಯನ್ನು ತೆಗೆದುಕೊಳ್ಳಿ ಎಂದೇ ನನ್ನ ಒತ್ತಾಯ. ಬ್ಯಾಗ್ ಹೊರುವುದು ಅವರ ಕೆಲಸದಲ್ಲಿ ಸಣ್ಣ ಪಾಲು. ಬಾಲ್ ಯಾವ ಪೊದೆಗೆ ಹೋಯಿತು, ಗುಡ್ಡದ ಆಚೆ ನೀರಿದೆಯಾ, ಗ್ರೀನ್ ಯಾವ ಕಡೆ ವಾಲುತ್ತದೆ ಎಂಬುದನ್ನು ಅಲ್ಲೇ ದಿನಾ ನಡೆಯುವವರು ಹೇಳಿದ ಹಾಗೆ ಯಾವ ಆ್ಯಪೂ ಹೇಳುವುದಿಲ್ಲ. ಒಬ್ಬ ಒಳ್ಳೆಯ ಕ್ಯಾಡಿ ಹೊಸಬರ ಸ್ಕೋರಿನಿಂದ ಐದಾರು ಹೊಡೆತ ಇಳಿಸಬಲ್ಲರು.

ಮೊದಲ ಟೀಯಲ್ಲೇ ಹೆಸರು ಕೇಳಿ, ನಿಮ್ಮ ಆಟದ ಮಟ್ಟ ಇದ್ದದ್ದನ್ನು ಇದ್ದ ಹಾಗೆ ಹೇಳಿ. "7 ಐರನ್ನಿನಲ್ಲಿ 110 ಗಜ ಹೋಗ್ತದೆ, ಬಲಕ್ಕೆ ತಿರುಗ್ತದೆ" ಎಂದರೆ ಅವರು ಅದಕ್ಕೆ ಸರಿಯಾಗಿ ಸ್ಟಿಕ್ ಕೊಡುತ್ತಾರೆ. ಎಷ್ಟೋ ಜನ ತಮಗಿಂತ ಹಿರಿಯ ಕ್ಯಾಡಿಗಳನ್ನು ಏಕವಚನದಲ್ಲಿ ಕರೆಯುತ್ತಾರೆ, ಕೆಟ್ಟ ಹೊಡೆತಕ್ಕೆ ಅವರ ಮೇಲೆ ರೇಗುತ್ತಾರೆ. ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ನಮ್ಮೂರಿನಲ್ಲಿ ಅಪರಿಚಿತರನ್ನು ಅಣ್ಣ ಎಂದು ಕರೆಯುವ ರೂಢಿ ಇದೆಯಲ್ಲ, ಅದನ್ನು ಅಲ್ಲಿಗೂ ಕೊಂಡುಹೋಗಿ. ದೇಶದ ಮುಂಚೂಣಿಯ ವೃತ್ತಿಪರ ಆಟಗಾರರಲ್ಲಿ ಒಬ್ಬರಾದ ಚಿಕ್ಕರಂಗಪ್ಪ ಕೂಡ ಹುಡುಗನಾಗಿದ್ದಾಗ ಕ್ಯಾಡಿಯ ಕೆಲಸ ಮಾಡಿದವರೇ.

ದುಡ್ಡು ಕ್ಲಬ್ ಗೊತ್ತುಮಾಡಿದಷ್ಟು ಕೊಡಲೇಬೇಕು, ಮೇಲೆ ಸಂತೋಷಕ್ಕೆ ಕೊಡುವುದನ್ನು ಕೈಗೇ ಕೊಡಿ. ನಡುವಿನ ಹಟ್‌ನಲ್ಲಿ ನೀವು ಚಾ ಕುಡಿಯುವಾಗ ಅವರಿಗೂ ಹೇಳಿ.

## ಮಳೆ, ಸೆಕೆ, ದಾರಿ

ಮಳೆಗಾಲದಲ್ಲಿ ಆಡ್ಲಿಕ್ಕೆ ಆಗ್ತದಾ?

ಜೂನ್ ಆರಂಭದಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ಗಾಲ್ಫ್ ಯೋಜನೆ ಹಾಕಿ ನಿರಾಶರಾಗಬೇಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲಿ. ಒಂದು ದಿನ ಬಿಸಿಲು ಬಂದರೂ ನೆಲ ಜವುಗು, ಬಾಲ್ ಬಿದ್ದಲ್ಲೇ ಹೂತುಕೊಳ್ಳುತ್ತದೆ, ಕಾರ್ಟ್ ಬಿಡುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಡೆಯೂ ಜುಲೈ ಆಗಸ್ಟ್ ಬೇಡ. ಚಾರ್ಮಾಡಿ, ಸಂಪಾಜೆ ಘಾಟಿಯಲ್ಲಿ ಗುಡ್ಡ ಜರಿದು ದಾರಿ ಬಂದ್ ಆಗುವ ಕಾಲ ಅದು. ಬೆಂಗಳೂರು, ಮೈಸೂರಿನಲ್ಲಿ ಮಾತ್ರ ಆಗ ಮೋಡ ಮುಸುಕಿದ ತಂಪು ಹವೆ, ಆಡಲು ಚೆಂದ.

ನಮ್ಮಲ್ಲಿ ಒಳ್ಳೆಯದು ನವೆಂಬರ್ ಕೊನೆಯಿಂದ ಫೆಬ್ರವರಿ. ಡಿಸೆಂಬರ್ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ. ಏಳು ಗಂಟೆಗೆ ಪಟ್ ಮಾಡಿದರೆ ಬಾಲ್ ಹೋದ ದಾರಿ ಗ್ರೀನಿನ ಮೇಲೆ ಗೆರೆ ಎಳೆದಂತೆ ಕಾಣುತ್ತದೆ, ನೀರನ್ನು ಚಿಮ್ಮಿಸುತ್ತ ಹೋಗಿ ಅರ್ಧದಲ್ಲೇ ನಿಂತುಬಿಡುತ್ತದೆ. ಒಂಬತ್ತರ ನಂತರ ಅದೇ ಗ್ರೀನ್ ಬೇಗ ಓಡುತ್ತದೆ. ಮೊದಲ ಮೂರು ಹೋಲುಗಳಲ್ಲಿ ಸ್ವಲ್ಪ ಜೋರಾಗಿ ತಳ್ಳಿ, ಆಮೇಲೆ ಕೈ ಬಿಗಿ ಹಿಡಿಯಿರಿ.

ಆಡ್ತಾ ಇರುವಾಗ ಗುಡುಗು ಸುರುವಾದ್ರೆ?

ಆ ಕ್ಷಣವೇ ನಿಲ್ಲಿಸಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಮೋಡ ಕಟ್ಟಿ ಸಿಡಿಲು ಬರುವುದು ನಮಗೆ ಗೊತ್ತೇ ಇದೆ. ಬಟಾಬಯಲಿನಲ್ಲಿ ಕೈಯಲ್ಲಿ ಲೋಹದ ಕೋಲು ಹಿಡಿದು ನಿಂತವರಷ್ಟು ಅಪಾಯದಲ್ಲಿ ಬೇರೆ ಯಾರೂ ಇರುವುದಿಲ್ಲ. ಸೈರನ್ ಒಂದೇ ಸಲ ಉದ್ದಕ್ಕೆ ಕೂಗಿದರೆ ಹೊಡೆತ ಅರ್ಧದಲ್ಲಿದ್ದರೂ ಬಿಟ್ಟು ಹೊರಡಬೇಕು ಎಂದರ್ಥ. ಸೈರನ್ ಇಲ್ಲದ ಕೋರ್ಸಿನಲ್ಲಿ ನೀವೇ ಲೆಕ್ಕ ಹಾಕಿ: ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ. ಮರದ ಅಡಿ ಬೇಡ, ನಾಲ್ಕು ಕಂಬದ ತೆರೆದ ಮಾಡಿನ ಕೆಳಗೂ ಬೇಡ. ಕ್ಲಬ್‌ಹೌಸ್ ಅಥವಾ ಗಾಜು ಏರಿಸಿದ ಕಾರು ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬೇಡಿ. ಕಟ್ಟಿದ ದುಡ್ಡು ಹೋದರೆ ಹೋಗಲಿ.

ಈ ಸೆಕೆಯಲ್ಲಿ ನಾಲ್ಕು ಗಂಟೆ ನಡೀಲಿಕ್ಕೆ ಆಗ್ತದಾ? ಅಪ್ಪನಿಗೆ ಅರವತ್ತೈದು.

18 ಹೋಲಿಗೆ ಏಳೆಂಟು ಕಿಲೋಮೀಟರ್ ನಡಿಗೆ, ಏರಿಳಿತ ಬೇರೆ. ದಿನಾ ಒಂದು ಗಂಟೆ ನಡೆಯುವ ಅಭ್ಯಾಸ ಇದ್ದವರಿಗೆ ಬೆಳಗಿನ ಹೊತ್ತು ಕಷ್ಟವಾಗದು. ಅಭ್ಯಾಸ ಇಲ್ಲದಿದ್ದರೆ ಕಾರ್ಟ್ ತೆಗೆದುಕೊಳ್ಳಿ ಅಥವಾ 9 ಹೋಲಿಗೆ ನಿಲ್ಲಿಸಿ. ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರರ ಹತ್ತಿರ ಮೊದಲೇ ಕೇಳಿ. ನೀರು ಬಾಯಾರಿದ ಮೇಲೆ ಅಲ್ಲ, ಪ್ರತಿ ಎರಡು ಹೋಲಿಗೆ ಎರಡು ಗುಟುಕು. ಸೀಯಾಳ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಉಪ್ಪು ಹಾಕಿದ ಲಿಂಬೆ ಶರಬತ್ತು ಒಂದು ಬಾಟಲಿಯಲ್ಲಿ ತುಂಬಿಸಿಕೊಳ್ಳಿ. ಗ್ಲೌಸ್ ಎರಡಿರಲಿ, ಒದ್ದೆಯಾದ ಒಂದು ಬ್ಯಾಗಿನ ಹೊರಗೆ ನೇತಾಡಿಕೊಂಡು ಒಣಗುತ್ತಿರಲಿ. ಬೆವರಿದ ಕೈಯಿಂದ ಸ್ಟಿಕ್ ಜಾರಿ ಹಾರಿಹೋದರೆ ಮುಂದಿದ್ದವರಿಗೆ ಅಪಾಯ.

ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಆಡಿ ವಾಪಸ್ ಬರುದು, ಆಗ್ತದಲ್ಲ?

ಆಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟ ಬೆನ್ನು ಮರುದಿನ ಬೆಳಗ್ಗೆ ತಿರುಗುವುದಿಲ್ಲ, ಸೊಂಟ ಹಿಡಿಯುವ ಸಾಧ್ಯತೆ ಹೆಚ್ಚು. ಬಸ್ಸಿನಲ್ಲೇ ಹೋಗುವುದಾದರೆ ಆ ದಿನ ಮಲಗಿ, ಸಂಜೆ ರೇಂಜಿನಲ್ಲಿ ಕೈ ಸಡಿಲ ಮಾಡಿ, ಮರುದಿನ ಆಡಿ. ಬ್ಯಾಗನ್ನು ಬಸ್ಸಿನ ಡಿಕ್ಕಿಗೆ ಹಾಕುವಾಗ ನೀವೇ ನಿಂತು, ಎಲ್ಲದರ ಮೇಲೆ ಅಡ್ಡ ಮಲಗಿಸಿ.

ವಿಮಾನದಲ್ಲಾದರೆ ಸ್ಟಿಕ್‌ಗಳನ್ನು ಕೈ ಸಾಮಾನಾಗಿ ಒಳಗೆ ಬಿಡುವುದಿಲ್ಲ, ಚೆಕ್ ಇನ್ ಮಾಡಲೇಬೇಕು. ತೂಕದ ಮಿತಿ, ಕ್ರೀಡಾ ಸಾಮಾನಿನ ಶುಲ್ಕ ಕಂಪನಿಯಿಂದ ಕಂಪನಿಗೆ ಬೇರೆ, ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಡ್ರೈವರ್ ಎಂಬ ಉದ್ದ ಸ್ಟಿಕ್‌ನ ತಲೆ ಕಳಚುವಂಥದ್ದಾದರೆ ಕಳಚಿ ಟವೆಲಿನಲ್ಲಿ ಸುತ್ತಿ. ದೂರ ಅಳೆಯುವ ರೇಂಜ್‌ಫೈಂಡರಿನ ಬಿಡಿ ಬ್ಯಾಟರಿ ಇದ್ದರೆ ಕೈ ಚೀಲದಲ್ಲಿರಲಿ, ಚೆಕ್ ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ.

ಮಧ್ಯಾಹ್ನ ಊಟ ಮಾಡಿ ಎರಡೂವರೆಗೆ ಹೋದ್ರೆ ಸಾಕಾ?

9 ಹೋಲಿಗೆ ಸಾಕು. 18ಕ್ಕೆ ಸಾಲದು. ನಾಲ್ಕು ಜನರ ಗುಂಪಿಗೆ ನಾಲ್ಕರಿಂದ ನಾಲ್ಕೂವರೆ ಗಂಟೆ ಬೇಕು, ಡಿಸೆಂಬರಿನಲ್ಲಿ ನಮ್ಮಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತದೆ.

## ಕೋರ್ಸಿನ ಮೇಲೆ

ಹಿಂದಿನವರು ಕಾಯ್ತಾ ನಿಂತ್ರೆ ಕೈಕಾಲು ನಡುಗ್ತದೆ. ಎಂತ ಮಾಡುದು?

ಅವರನ್ನು ಮುಂದೆ ಬಿಡಿ, ಅಷ್ಟೇ. ನಿಮ್ಮ ಮುಂದಿನ ಹೋಲ್ ಖಾಲಿ ಇದ್ದು, ಹಿಂದೆ ಜನ ನಿಂತಿದ್ದರೆ ಬದಿಗೆ ಸರಿದು ಕೈ ಎತ್ತಿ ಸನ್ನೆ ಮಾಡಿ. ಅದರಲ್ಲಿ ಅವಮಾನ ಇಲ್ಲ, ಅವರು ಟೋಪಿ ಮುಟ್ಟಿ ವಂದಿಸಿ ಹೋಗುತ್ತಾರೆ. ನಿಧಾನ ಆಗುವುದು ಕೆಟ್ಟ ಆಟದಿಂದಲ್ಲ, ಹೊಡೆತಗಳ ನಡುವಿನ ಹೊತ್ತಿನಿಂದ. ಬೇರೆಯವರು ಹೊಡೆಯುವಾಗಲೇ ನಿಮ್ಮ ದೂರ ನೋಡಿ, ಸ್ಟಿಕ್ ತೆಗೆದಿಡಿ. ಅಭ್ಯಾಸದ ಸ್ವಿಂಗ್ ಒಂದೇ. ಪಾರಿನ ದುಪ್ಪಟ್ಟು ಹೊಡೆದರೂ ಗ್ರೀನ್ ಸೇರದಿದ್ದರೆ ಬಾಲ್ ಎತ್ತಿ ಜೇಬಿಗೆ ಹಾಕಿ, ಮುಂದಿನ ಹೋಲಿಗೆ ನಡೆಯಿರಿ. ಬ್ಯಾಗನ್ನು ಗ್ರೀನಿನ ಈಚೆ ಇಡಬೇಡಿ, ಮುಂದಿನ ಟೀಗೆ ಹೋಗುವ ಬದಿಯಲ್ಲಿಡಿ.

ಬಾಲ್ ಜನರ ಕಡೆ ಹೋಗುತ್ತಿದೆ ಅನಿಸಿದರೆ ನಾಚಿಕೆ ಬಿಟ್ಟು "ಫೋರ್" ಎಂದು ಗಂಟಲು ಹರಿಯುವಂತೆ ಕೂಗಿ.

ಗ್ರೀನಿನ ಮೇಲೆ ಎಂತೆಲ್ಲ ಮಾಡ್ಬಾರ್ದು?

ಓಡಬಾರದು, ಕಾಲೆಳೆದು ನಡೆಯಬಾರದು, ಬೇರೆಯವರ ಬಾಲಿಗೂ ಹೋಲಿಗೂ ನಡುವಿನ ದಾರಿಯನ್ನು ಮೆಟ್ಟಬಾರದು. ಕೇವಲ 108 ಮಿಲಿಮೀಟರ್ ಅಗಲದ ಆ ಹೋಲಿನ ಅಂಚಿಗೆ ಪಟರ್ ಊರಿ ನಿಂತುಕೊಳ್ಳಬಾರದು, ಅಂಚು ಜರಿದರೆ ಹಿಂದಿನ ಎಲ್ಲರ ಪಟ್ ಕೆಡುತ್ತದೆ.

ಮಾಡಲೇಬೇಕಾದ ಕೆಲಸ ಒಂದುಂಟು. ಎತ್ತರದಿಂದ ಬಾಲ್ ಬಿದ್ದಲ್ಲಿ ಬಟ್ಟಲಿನಾಕಾರದ ಕುಳಿ ಬೀಳುತ್ತದೆ. ಅದನ್ನು ಸರಿಮಾಡಲು ಎರಡು ಹಲ್ಲಿನ ಸಣ್ಣ ಫೋರ್ಕ್ ಜೇಬಿನಲ್ಲಿರಬೇಕು. ಬಹಳ ಜನ ಫೋರ್ಕನ್ನು ಕುಳಿಯ ಅಡಿಗೆ ಚುಚ್ಚಿ ಮಣ್ಣನ್ನು ಮೇಲಕ್ಕೆ ಮೀಟುತ್ತಾರೆ. ಹಾಗೆ ಮಾಡಿದರೆ ಬೇರು ಹರಿದು ಅಲ್ಲಿಯ ಹುಲ್ಲು ಕಂದಿಹೋಗುತ್ತದೆ. ಕುಳಿಯ ಹೊರಗಿನ ಅಂಚಿನಲ್ಲಿ ಫೋರ್ಕ್ ಊರಿ, ಹಸಿರು ಹುಲ್ಲನ್ನು ನಡುವಿನ ಕಡೆಗೆ ಮೆಲ್ಲಗೆ ಬಾಗಿಸಬೇಕು. ಸುತ್ತಲೂ ನಾಲ್ಕೈದು ಕಡೆ ಹೀಗೆ ಮಾಡಿದರೆ ಬಾಯಿ ಮುಚ್ಚುತ್ತದೆ. ಆಮೇಲೆ ಪಟರಿನ ತಳದಿಂದ ಎರಡು ಸಲ ತಟ್ಟಿ ಸಮ ಮಾಡಿ. ಹತ್ತು ಸೆಕೆಂಡಿನ ಕೆಲಸ. ನಿಮ್ಮದೊಂದು, ಪಕ್ಕದಲ್ಲಿ ಯಾರೋ ಬಿಟ್ಟುಹೋದದ್ದು ಇನ್ನೊಂದು ಸರಿಮಾಡಿ. ಹೊಸಬರು ಹೀಗೆ ಮಾಡುವುದನ್ನು ಕಂಡರೆ ಕೋರ್ಸ್ ನೋಡಿಕೊಳ್ಳುವ ಮಾಲಿಗಳ ಮುಖ ಅರಳುತ್ತದೆ. ಬಂಕರಿನಿಂದ (ಮರಳಿನ ಗುಂಡಿ) ಹೊರಬಂದ ಮೇಲೆ ಮರಳನ್ನು ಹಲ್ಲುಕೋಲಿನಿಂದ ಎಳೆದು ಹೆಜ್ಜೆ ಗುರುತು ಅಳಿಸುವುದೂ ಇಷ್ಟೇ ಮುಖ್ಯ.

ಬಾಲ್ ಕಾಡಿಗೆ ಹೋಯ್ತು, ಹುಡುಕ್ತಾ ಇರ್ಬೇಕಾ?

ಮೂರು ನಿಮಿಷ ಮಾತ್ರ. 2019ರ ನಿಯಮ ಬದಲಾವಣೆಗೆ ಮೊದಲು ಐದು ನಿಮಿಷ ಇತ್ತು. ಸಿಗದಿದ್ದರೆ ಒಂದು ಹೊಡೆತದ ದಂಡದೊಂದಿಗೆ ಮೊದಲು ಹೊಡೆದ ಜಾಗಕ್ಕೇ ವಾಪಸ್. ಇದನ್ನು ತಪ್ಪಿಸಲು, ಕಳೆದುಹೋಯಿತೇನೋ ಎಂಬ ಅನುಮಾನ ಬಂದಾಗಲೇ "ಪ್ರೊವಿಷನಲ್" ಎಂದು ಜೊತೆಯವರಿಗೆ ಕೇಳುವಂತೆ ಹೇಳಿ ಇನ್ನೊಂದು ಬಾಲ್ ಹೊಡೆದಿಡಿ. ಕೋರ್ಸಿನ ಗಡಿ ತೋರಿಸುವ ಬಿಳಿ ಗೂಟದ ಆಚೆ ಹೋದದ್ದಕ್ಕೂ ಇದೇ ನಿಯಮ. ನೀರಿನಂಥ ಅಡ್ಡಿಯನ್ನು ತೋರಿಸುವ ಹಳದಿ, ಕೆಂಪು ಗೂಟ ಇದ್ದಲ್ಲಿ ಒಂದು ಹೊಡೆತ ತೆತ್ತು ಹೊರಗೆ ಡ್ರಾಪ್ ಮಾಡಬಹುದು, ಅಂದರೆ ಬಾಲನ್ನು ಕೈಯಿಂದ ಬೀಳಿಸಿ ಅಲ್ಲಿಂದ ಆಡಬಹುದು. ಡ್ರಾಪ್ ಈಗ ಭುಜದೆತ್ತರದಿಂದ ಅಲ್ಲ, ಮೊಣಕಾಲಿನ ಎತ್ತರದಿಂದ. ಮುರಕಲ್ಲಿನ ಬಂಡೆಗೆ ಒತ್ತಿ ನಿಂತ ಬಾಲನ್ನು ಹೊಡೆಯಲು ಹೋಗಿ ಕೈಮಣಿಕಟ್ಟು ಉಳುಕಿಸಿಕೊಳ್ಳಬೇಡಿ, ಆಡಲಾಗದು ಎಂದು ಹೇಳಿ ಒಂದು ಹೊಡೆತ ಕಳೆದುಕೊಳ್ಳುವುದೇ ಮೇಲು.

ಬಾಲಿನ ಹತ್ರ ಹಾವಿದ್ರೆ?

ದೂರ ನಿಲ್ಲಿ, ಕ್ಯಾಡಿಗೂ ದೂರ ನಿಲ್ಲಲು ಹೇಳಿ. ವಿಷದ ಹಾವು, ಜೇನುನೊಣದಂಥ ಅಪಾಯ ಇದ್ದಲ್ಲಿ ದಂಡವಿಲ್ಲದೆ ಸುರಕ್ಷಿತ ಜಾಗದಲ್ಲಿ ಬೇರೆ ಬಾಲ್ ಡ್ರಾಪ್ ಮಾಡಲು ನಿಯಮವೇ ಅವಕಾಶ ಕೊಟ್ಟಿದೆ. ಪೊದೆಗೆ ಕೈ ಹಾಕಿ ಬಾಲ್ ಹೆಕ್ಕುವ ಅಭ್ಯಾಸವನ್ನಂತೂ ನಮ್ಮ ಊರಿನಲ್ಲಿ ಪೂರ್ತಿ ಬಿಡಬೇಕು, ಸ್ಟಿಕ್‌ನಿಂದ ಹುಲ್ಲು ಸರಿಸಿ ನೋಡಿ.

## ಸ್ವಲ್ಪ ಆಡಿ ಗೊತ್ತಿದ್ದವರಿಗೆ

ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಕೇಳಿದ್ರು. ಅದು ಹೇಗೆ ಮಾಡ್ಸುದು?

ಯಾವುದಾದರೂ ಮಾನ್ಯ ಗಾಲ್ಫ್ ಕ್ಲಬ್ಬಿನ ಮೂಲಕ. ಜೊತೆಯಾಟಗಾರರು ಸಹಿ ಮಾಡಿದ ಸ್ಕೋರ್ ಕಾರ್ಡುಗಳನ್ನು ಕೊಡುತ್ತ ಹೋಗಬೇಕು. ಒಟ್ಟು 54 ಹೋಲಿನ ಸ್ಕೋರ್ ಸೇರಿದರೆ ಮೊದಲ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಬರುತ್ತದೆ. ಮೂರು ಸಲ 18 ಹೋಲ್ ಆಡಿದರೂ ಸರಿ, ಆರು ಸಲ 9 ಹೋಲ್ ಆಡಿದರೂ ಸರಿ. ಗಂಡಸರು ಹೆಂಗಸರು ಎಂಬ ಭೇದವಿಲ್ಲದೆ ಗರಿಷ್ಠ ಮಿತಿ 54.0. ಆದರೂ ಕೆಲವು ಕ್ಲಬ್ಬುಗಳು ಅತಿಥಿಗಳಿಗೆ ತಮ್ಮದೇ ಕಡಿಮೆ ಮಿತಿ ಇಟ್ಟುಕೊಂಡಿರುತ್ತವೆ. ಒಳ್ಳೆಯ ಸ್ಕೋರನ್ನು ಮಾತ್ರ ಕೊಟ್ಟು ಕೆಟ್ಟದ್ದನ್ನು ಅಡಗಿಸಿಡುವುದು ಬೇಡ, ಪಂದ್ಯದಲ್ಲಿ ನಷ್ಟ ನಿಮಗೇ.

ಊರಲ್ಲಿ 20 ಹ್ಯಾಂಡಿಕ್ಯಾಪ್. ಬೇರೆ ಕೋರ್ಸಿಗೆ ಹೋದ್ರೂ 20ಏ ಅಲ್ವಾ?

ಅಲ್ಲ. ಇಂಡೆಕ್ಸ್ ನಿಮ್ಮ ಜೊತೆ ಬರುತ್ತದೆ, ಆದರೆ ಆ ದಿನ ಸಿಗುವ ಹೊಡೆತಗಳು ಕೋರ್ಸಿನ ಕಷ್ಟಕ್ಕೆ ತಕ್ಕಂತೆ ಬದಲಾಗುತ್ತವೆ. ಸ್ಕೋರ್ ಕಾರ್ಡಿನಲ್ಲಿ ಸ್ಲೋಪ್ ಮತ್ತು ಕೋರ್ಸ್ ರೇಟಿಂಗ್ ಎಂಬ ಎರಡು ಅಂಕಿ ಇರುತ್ತವೆ. ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ 113ರಿಂದ ಭಾಗಿಸಿ. ಅದಕ್ಕೆ ಕೋರ್ಸ್ ರೇಟಿಂಗಿನಲ್ಲಿ ಪಾರ್ ಕಳೆದು ಉಳಿದದ್ದನ್ನು ಸೇರಿಸಿ. ಇಂಡೆಕ್ಸ್ 20, ಸ್ಲೋಪ್ 125, ರೇಟಿಂಗ್ 71, ಪಾರ್ 72 ಎಂದಿಟ್ಟುಕೊಳ್ಳಿ: 20ನ್ನು 125ರಿಂದ ಗುಣಿಸಿ 113ರಿಂದ ಭಾಗಿಸಿದರೆ 22.1, ಅದರಿಂದ 1 ಕಳೆದರೆ 21.1, ಅಂದರೆ 21 ಹೊಡೆತ. ಅದೇ ಕೋರ್ಸಿನಲ್ಲಿ ಹಿಂದಿನ ಟೀಯಿಂದ ಆಡಿದರೆ ಅಂಕಿಗಳೇ ಬೇರೆ. ಟೀ ಬಣ್ಣ (ಎಷ್ಟು ದೂರದಿಂದ ಶುರು ಎಂಬುದರ ಗುರುತು) ಆರಿಸುವಾಗ ಹಟ ಬೇಡ, ಮುಂದಿನ ಟೀಯಿಂದ ಆಡಿದರೆ ಆಟವೂ ಚೆಂದ, ಹೊತ್ತೂ ಉಳಿತಾಯ.

ಕಂಪನಿ ಪಂದ್ಯಕ್ಕೆ ಕರೆದಿದ್ದಾರೆ, ನನಗೆ ಹ್ಯಾಂಡಿಕ್ಯಾಪೇ ಇಲ್ಲ. ಹೋಗ್ಬಹುದಾ?

ಧೈರ್ಯವಾಗಿ ಹೋಗಿ. ಇಂಥ ಪಂದ್ಯಗಳಲ್ಲಿ ಹೆಚ್ಚಾಗಿ ಡಬಲ್ ಪಿಯೋರಿಯಾ ಪದ್ಧತಿ ಇಟ್ಟುಕೊಳ್ಳುತ್ತಾರೆ. ಸಂಘಟಕರು 12 ಹೋಲುಗಳನ್ನು ಗುಟ್ಟಾಗಿ ಆರಿಸಿಟ್ಟು, ಎಲ್ಲರ ಆಟ ಮುಗಿದ ಮೇಲೆ ತೆರೆಯುತ್ತಾರೆ. ಆ 12ರಲ್ಲಿ ನಿಮ್ಮ ಹೊಡೆತಗಳ ಮೊತ್ತವನ್ನು ಒಂದೂವರೆಯಿಂದ ಗುಣಿಸಿ, ಪಾರ್ ಕಳೆದು, ಉಳಿದದ್ದರ 80 ಪ್ರತಿಶತವನ್ನು ಆ ದಿನದ ಹ್ಯಾಂಡಿಕ್ಯಾಪ್ ಎಂದು ಕೊಡುತ್ತಾರೆ. ಮೊತ್ತ 70 ಆದರೆ 105, ಅದರಲ್ಲಿ 72 ಕಳೆದರೆ 33, ಹ್ಯಾಂಡಿಕ್ಯಾಪ್ 26.4. ಯಾವ ಹೋಲ್ ಲೆಕ್ಕಕ್ಕೆ ಬರುತ್ತದೆ ಎಂಬುದು ಗೊತ್ತಿಲ್ಲದ ಕಾರಣ ಎಲ್ಲ ಹೋಲನ್ನೂ ಪೂರ್ತಿ ಆಡಿ ಬರೆದುಕೊಳ್ಳಿ. ಹೋಲಿಗೆ ಇಷ್ಟೇ ಹೊಡೆತ ಎಂಬ ಮಿತಿ ಇಟ್ಟಿದ್ದಾರಾ ಎಂದು ಮಾತ್ರ ಶುರುವಿಗೇ ಕೇಳಿ.

ನಮ್ಮ ಸೆಕೆಗೆ ಗಾಳಿ ಭಾರ, ಅದಕ್ಕೇ ಬಾಲ್ ದೂರ ಹೋಗುದಿಲ್ಲ ಅಂತಾರೆ. ಹೌದಾ?

ಗಾಳಿ ಭಾರ ಎಂಬುದು ಮೈಗೆ ಅನಿಸುವ ಮಾತು. ನೀರಾವಿ ಬೆರೆತ ಗಾಳಿ ಅಷ್ಟೇ ಬಿಸಿಯ ಒಣ ಗಾಳಿಗಿಂತ ಚೂರು ಹಗುರ, ಯಾಕೆಂದರೆ ನೀರಿನ ಕಣ ನೈಟ್ರೋಜನ್, ಆಮ್ಲಜನಕದ ಕಣಗಳಿಗಿಂತ ಹಗುರ. ವ್ಯತ್ಯಾಸ ಒಂದೆರಡು ಗಜಕ್ಕೂ ಬರುವುದಿಲ್ಲ. ನಮ್ಮಲ್ಲಿ ದೂರ ಕಡಿಮೆಯಾಗಲು ಕಾರಣ ಒದ್ದೆ ನೆಲ, ಬಾಲ್ ಬಿದ್ದ ಮೇಲೆ ಉರುಳುವುದಿಲ್ಲ.

ನಿಜವಾದ ವ್ಯತ್ಯಾಸ ಎತ್ತರದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಗಾಳಿ ತೆಳು. ಬಾಲ್ ಮೂರರಿಂದ ನಾಲ್ಕು ಪ್ರತಿಶತ ಹೆಚ್ಚು ದೂರ ಹಾರುತ್ತದೆ. ಇಲ್ಲಿ 150 ಗಜ ಹಾರಿಸುವ ಸ್ಟಿಕ್ ಅಲ್ಲಿ 155 ಗಜ ಹಾರಿಸುತ್ತದೆ. ಮಡಿಕೇರಿಯ ಎತ್ತರ ಇನ್ನೂ ಹೆಚ್ಚು, 1,100 ಮೀಟರಿನ ಮೇಲೆ. ಗ್ರೀನಿನ ಹಿಂದೆ ಇಳಿಜಾರೋ ಪೊದೆಯೋ ಇದ್ದಲ್ಲಿ ಈ ಐದಾರು ಗಜವೇ ಬಾಲನ್ನು ಆಚೆ ಕಳಿಸಲು ಸಾಕು. ಘಟ್ಟದ ಮೇಲಿನ ಕೋರ್ಸಿಗೆ ಹೋದ ದಿನ ಮೊದಲ ಟೀಗೆ ಮುನ್ನ ರೇಂಜಿನಲ್ಲಿ ಒಂದು ಬಕೆಟ್ ಹೊಡೆದು ನಿಮ್ಮ 7, 8, 9 ನಂಬರಿನ ಐರನ್‌ಗಳ ದೂರವನ್ನು ಹೊಸದಾಗಿ ನೋಡಿಕೊಂಡು, ಸ್ಕೋರ್ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.